ಕುಳ್ಳಿನ ರಾಶಿಯ ಬಾಣಂತಿ

ನಮ್ಮ ಕಡೆ ವನ್ಯಜೀವಿ ಎಂದರೆ ಮುಧೋಳದ ನಾಯಿ ಒಂದೇ ಎಂದು ಬಹಳ ಜನ ನಂಬಿದ್ದಾರೆ. ಅದು ಮನೆಯಲ್ಲಿ ಸಾಕುವ ನಾಯಿ ಎಂಬುದು ಈ ನಂಬಿಕೆಗೆ ಎಂದೂ ಅಡ್ಡ ಬಂದಿಲ್ಲ. ಇಂಥ ಸೀಮೆಯಲ್ಲಿ, ಬನಹಟ್ಟಿಯ ಒಂದು ಓಣಿಯಲ್ಲಿ, ಮಗ್ಗಗಳ ಖಟಖಟದ ನಡುವೆ ನಾನು ಫೋನು ಹಿಡಿದು ಗಿಡ, ಹುಳ, ಹಕ್ಕಿಗಳ ಚಿತ್ರ ತೆಗೆಯಲು ಹೊರಟೆ. ಚಿತ್ರ ಹಾಕಿದರೆ ಅದು ಏನೆಂದು ಹೇಳಿ ನಕಾಶೆಯ ಮೇಲೆ ಗುರುತು ಹಾಕುವ ಆ್ಯಪ್ ಒಂದಿದೆ. ಶಿವರಾತ್ರಿ ಕಳೆದು ಬೇವು ಚಿಗುರುವ ಹೊತ್ತಿಗೆ ನಮ್ಮ ಮನೆಯ ಸುತ್ತ ಏನೇನಿದೆ ಎಂದು ಜಗತ್ತಿಗೆ ತಿಳಿಸಿಬಿಡಬೇಕೆಂಬ ಹುಮ್ಮಸ್ಸು ನನ್ನದು. ಮೊದಲ ವಾರ ಸಿಕ್ಕಿದ್ದು ಕಾಂಗ್ರೆಸ್ ಕಸ, ಬಳ್ಳಾರಿ ಜಾಲಿ, ಮತ್ತೆ ಕಾಂಗ್ರೆಸ್ ಕಸ. ಜಗತ್ತು ಇನ್ನೂ ಚೇತರಿಸಿಕೊಂಡಿರಲಿಕ್ಕಿಲ್ಲ.

ಪಕ್ಕದ ಮನೆಯ ಕಾಕು ಎಮ್ಮೆ ಕಟ್ಟಿದವರು. ನಮ್ಮ ಎರಡು ಹಿತ್ತಿಲುಗಳ ನಡುವೆ ಇರುವುದು ಗಿಡ್ಡ ಗೋಡೆ. ಅದರಾಚೆಯಿಂದ ಅವರು ನನ್ನ ಸಂಶೋಧನೆಯನ್ನು ದಿನವೂ ಪರಿಶೀಲಿಸುತ್ತಿದ್ದರು.

"ಮುಧೋಳ ಕಾಲೇಜಿನ್ಯಾಗ ಪಾಠ ಹೇಳಾವ ಮನಿಗಿ ಬಂದು ಕಸದ ಫೋಟೋ ತಗೀತಾನ. ಪಗಾರ ಕೊಡೋರಿಗೆ ಗೊತ್ತೈತೇನೋ ತಮ್ಮಾ?"

ಆದರೆ ಕಾಕುವಿನ ಹಿತ್ತಿಲಲ್ಲೇ ನನ್ನ ಭಾಗ್ಯ ತೆರೆಯಿತು. ಎಮ್ಮೆ ಸಗಣಿ ತಟ್ಟಿ ಒಣಗಿಸಿ ಗೋಡೆಗೆ ಒತ್ತಿ ಒಟ್ಟಿದ್ದ ಕುಳ್ಳಿನ ರಾಶಿಯ ಸಂದಿಯೊಳಗೆ ಒಂದು ಕಂದು ಹಕ್ಕಿ ನುಸುಳುತ್ತಿತ್ತು. ಅದರ ಗಂಡು ಕರಿ ಬಣ್ಣದ್ದು, ಬಾಲ ಎತ್ತಿಕೊಂಡೇ ಓಡಾಡುವ ಜಂಬದ್ದು. ಬಗ್ಗಿ ನೋಡಿದರೆ ನಾರು, ಕೂದಲು ಸೇರಿಸಿ ಕಟ್ಟಿದ ಗೂಡು, ಅದರಲ್ಲಿ ಚುಕ್ಕೆಚುಕ್ಕೆಯ ಮೂರು ತತ್ತಿ. ನನಗಾದ ಸಂತೋಷ ಹೇಳತೀರದು. ಆ ಬದಿಯ ಕುಳ್ಳು ಮುಟ್ಟಬೇಡಿ, ಮರಿಗಳು ಹಾರಿಹೋಗಲಿ ಎಂದು ಕಾಕುವನ್ನು ಬೇಡಿಕೊಂಡೆ.

"ಇನ್ನ ಗುಬ್ಬಿ ಬಾಣಂತನಾನೂ ನಾನ ಮಾಡಬೇಕೇನು?" ಎಂದು ಗೊಣಗಿದರು. ಮರುದಿನದಿಂದ ನೀರೊಲೆಗೆ ಇನ್ನೊಂದು ಬದಿಯ ಕುಳ್ಳನ್ನೇ ತೆಗೆಯತೊಡಗಿದರು.

ಇಷ್ಟಕ್ಕೆ ನಾನು ತೆಪ್ಪಗಿದ್ದಿದ್ದರೆ ಸಾಕಿತ್ತು. ಆದರೆ ಕಲಿತವನಿಗೆ ಜಾಗೃತಿ ಮೂಡಿಸದೆ ಅನ್ನ ಇಳಿಯುವುದಿಲ್ಲ. ಗೂಡಿನ ಚಿತ್ರ ತೆಗೆದು ಓಣಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿ, 'ನಮ್ಮ ಓಣಿಯ ಜೀವಸಂಪತ್ತು, ಕಾಕುವಿನ ಹಿತ್ತಿಲಲ್ಲಿ' ಎಂದು ಬರೆದೆ. ಕೈಮುಗಿದ ಚಿತ್ರಗಳು ಬಂದವು, ಯಾರೋ ಶುಭೋದಯ ಹೇಳಿದರು. ಎದುರು ಮನೆಯ ನೇಕಾರ ಮಾತ್ರ ಚಿತ್ರವನ್ನು ಗಮನವಿಟ್ಟು ನೋಡಿದ್ದ: "ಕುಳ್ಳ ಭಾರಿ ಅದಾವ್ರಿ ಸರ್. ಎಷ್ಟ್ ಛಲೋ ಒಣಗ್ಯಾವು!"

ಹೋಳಿಯಲ್ಲಿ ಕಾಮಣ್ಣನನ್ನು ಸುಡಲು ನಮ್ಮಲ್ಲಿ ಕಟ್ಟಿಗೆ, ಕುಳ್ಳು ಕೊಳ್ಳುವುದಿಲ್ಲ, ಕದಿಯುತ್ತಾರೆ. ಕಳಕೊಂಡವರು ಬಾಯಿಗೆ ಬಂದಂತೆ ಬೈಯಬೇಕು, ಕದ್ದವರು ಬಾಯಿ ಬಡಿದುಕೊಂಡು ಲಬೋ ಲಬೋ ಎನ್ನಬೇಕು. ಬೈಗುಳ ಜೋರಾದಷ್ಟೂ ಹಬ್ಬಕ್ಕೆ ಕಳೆ. ಇದೆಲ್ಲ ಗೊತ್ತಿದ್ದೂ ನನ್ನ ತಲೆಗೆ ಹೊಳೆಯಲಿಲ್ಲ; ತಲೆ ಜೀವಸಂಪತ್ತಿನಲ್ಲಿತ್ತು.

ಹೋಳಿ ಹತ್ತಿರ ಬಂದಿತ್ತು; ಆ ದಿನ ಕಾಕು ಚಿಮ್ಮಡದ ಮಗಳ ಮನೆಗೆ ಹೋಗಿದ್ದರು. ಇಳಿಹೊತ್ತಿನಲ್ಲಿ ನಾನು ಮುಧೋಳದ ಬಸ್ಸಿಳಿದು, ಸಾಲುಗಟ್ಟಿದ ಕಬ್ಬಿನ ಟ್ರ್ಯಾಲಿಗಳ ಸಂದಿಯಲ್ಲಿ ದಾರಿ ಮಾಡಿಕೊಂಡು ಓಣಿಗೆ ಬಂದರೆ, ನೇಕಾರ ಮತ್ತು ಅವನ ಗೆಳೆಯರು ಕುಳ್ಳಿನ ಬುಟ್ಟಿ ಹೊತ್ತು ಕಾಕುವಿನ ಹಿತ್ತಿಲಿಂದ ಹೊರಬೀಳುತ್ತಿದ್ದರು.

"ಲೇ, ಇಡ್ರಲೇ ಕೆಳಗ! ಗೂಡೈತಿ ಅದರಾಗ! ಕರುಳು ಐತೇನ್ರೋ ನಿಮಗ?"

"ಲಬೋ ಲಬೋ ಲಬೋ!" ಎಂದು ಎಲ್ಲರೂ ಬಾಯಿ ಬಡಿದುಕೊಂಡರು.

ನಾನು ಬುಟ್ಟಿಗೆ ಕೈ ಹಾಕಿದೆ, ಅವರು ನಕ್ಕು ತಪ್ಪಿಸಿಕೊಂಡರು. ಕಣ್ಣಲ್ಲಿ ನೀರು ಬಂತು. ಜೀವಮಾನದಲ್ಲಿ ಆಡದ ಮಾತೆಲ್ಲ ಆಡಿದೆ. ಓಣಿಯ ಬಾಗಿಲುಗಳೆಲ್ಲ ತೆರೆದು ಜನ ಖುಷಿಯಿಂದ ನೋಡತೊಡಗಿದರು. "ಈ ಸಲ ಸರ್ ಖರೇನ ಹೋಳಿ ರಂಗಿಗೆ ಬಂದಾರ್ರೋ!" ಎಂದು ನೇಕಾರ ಕೂಗಿದ. ಇಷ್ಟು ವರ್ಷ ಹೋಳಿಯಲ್ಲಿ ಬಾಗಿಲು ಹಾಕಿಕೊಂಡಿರುತ್ತಿದ್ದ ಮೇಷ್ಟ್ರು ಕೊನೆಗೂ ನಮ್ಮವರಾದರೆಂದು ಅವನಿಗೆ ಅಭಿಮಾನ. ನಾನು ಅಂಗಲಾಚಿದಷ್ಟೂ ಅವರಿಗೆ ಹಬ್ಬ ಏರಿತು.

ಸ್ವಲ್ಪ ಹೊತ್ತಿಗೆ ನೇಕಾರ ಒಬ್ಬನೇ ತಿರುಗಿ ಬಂದ. ಎರಡೂ ಅಂಗೈ ಮೇಲೆ ಟವೆಲು, ಟವೆಲಿನಲ್ಲಿ ಗೂಡು.

"ಸರ್, ಕುಳ್ಳ ಒಟ್ಟಾಕತ್ತಾಗ ಸಿಕ್ತುರಿ. ಕಾಮಣ್ಣಗ ಇಂಥಾವೆಲ್ಲ ಕೊಡಬಾರದ್ರಿ, ಪಾಪ ಬರ್ತೈತಿ. ನೋಡ್ರಿ, ಒಂದೂ ಒಡದಿಲ್ಲ."

ಮೂರೂ ತತ್ತಿ ಹಾಗೆಯೇ ಇದ್ದವು. ಅವನ ಮುಖದಲ್ಲಿ ಇದ್ದದ್ದು ಅಪ್ಪಟ ಸಂತೋಷ. ನಾನು ಭೇಷ್ ಎನ್ನಬೇಕೆಂದು ಕಾಯುತ್ತಿದ್ದ. ನನ್ನ ಬೈಗುಳವೆಲ್ಲ ಆಗಲೇ ಖರ್ಚಾಗಿತ್ತು. "ಛಲೋ ಮಾಡಿದಿ" ಎಂದೆ. ಇಬ್ಬರೂ ಹಿತ್ತಿಲಿಗೆ ಹೋಗಿ, ಗೂಡನ್ನು ಗೋಡೆಯ ಮೇಲೆ ಇಟ್ಟು, ದೂರ ಸರಿದು ನಿಂತೆವು.

ಕಂದು ಹಕ್ಕಿ ಬಂತು. "ಬಂತ್ನೋಡ್ರಿ ಸರ್, ತಾಯಿ!" ಎಂದು ಅವನು ನನ್ನ ಕೈ ಹಿಡಿದುಕೊಂಡ. ಹಕ್ಕಿ ಗೋಡೆಯ ಮೇಲೆ ಕೂತಿತು, ಗೂಡಿನ ಪಕ್ಕದಲ್ಲೇ ಹಾದು ಕೆಳಗಿಳಿಯಿತು. ಕುಳ್ಳಿನ ಪುಡಿ ಬಿದ್ದಿದ್ದ ಖಾಲಿ ನೆಲದ ಮೇಲೆ, ಸಂದಿ ಇದ್ದ ಜಾಗವನ್ನು ಹುಡುಕುತ್ತ ಸುತ್ತತೊಡಗಿತು. ತತ್ತಿಗಳತ್ತ ಒಮ್ಮೆಯೂ ನೋಡಲಿಲ್ಲ.