ಎರಡೂಕಾಲು ಗಂಟೆ

ಬ್ಯಾಟರಿ ಅಂಗಡಿಯವರ ಬಲಗೈಯ ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಬ್ಯಾಟರಿಯ ಆಸಿಡ್ ತಾಗಿ ತಾಗಿ ಅದು ಹುಣಿಸೆ ಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರ ಅವರನ್ನು ಮನುಷ್ಯರೆಂದು ಒಪ್ಪುತ್ತಿರಲಿಲ್ಲ. "ಅದಕ್ಕೆ ಬುದ್ಧಿ ಇದೆ" ಎನ್ನುತ್ತಿದ್ದರು. ಅಂಗಿಯ ಮುಂಭಾಗದ ತುಂಬ ಸಾಸಿವೆ ಗಾತ್ರದ ತೂತುಗಳು, ಒಳಗಿನ ಬನಿಯನ್ನಿನಲ್ಲೂ ತೂತುಗಳು, ಅವುಗಳಲ್ಲಿ ಇಣುಕುವ ಬಿಳಿ ಎದೆಗೂದಲು. ಆ ನುಣುಪು ಬೆರಳನ್ನು ಗಿರಾಕಿಯ ಎದೆಯತ್ತ ಚಾಚಿ "ನಿಮಗೆ ಇದು ಬೇಡ, ಹೋಗಿ" ಎನ್ನುವುದು ಅವರು ವ್ಯಾಪಾರ ಮಾಡುತ್ತಿದ್ದ ಕ್ರಮ.

ಕಾಟನ್‌ಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಬಟ್ಟೆ ಬೇಲುಗಳ ಎರಡು ಗೋಡೌನುಗಳ ನಡುವೆ ಅವರ ಬ್ಯಾಟರಿ ಅಂಗಡಿ. ಮೊದಲು ಲಾರಿ ಬ್ಯಾಟರಿ, ಆಮೇಲೆ ಇನ್ವರ್ಟರ್, ಕೊನೆಕೊನೆಗೆ ಸೋಲಾರ್. ಮಾಗಡಿ ಕಡೆಯ ಹಳ್ಳಿಯವರು. "ನಮ್ಮಪ್ಪ ಮೋಡ ನೋಡಿ ರಾಗಿ ಬಿತ್ತೋನು, ನಾನು ಮೋಡ ನೋಡಿ ಪ್ಯಾನಲ್ ಮಾರ್ತೀನಿ, ಇಬ್ರೂ ಉದ್ಧಾರ ಆಗ್ಲಿಲ್ಲ" ಎಂದು ಅವರೇ ಹೇಳಿದ್ದುಂಟು.

ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಪ್ಯಾನಲ್ ಬೇಕೆಂದು ಬಂದವರಿಗೆ ಅವರು ಮೊದಲು ಕೊಡುತ್ತಿದ್ದುದು ಒಂದು ಸೀಮೆಸುಣ್ಣದ ಕಡ್ಡಿ. ಪ್ಯಾನಲ್ ಇಡುವ ಜಾಗದಲ್ಲಿ ಅದರ ಅಳತೆಯ ಚೌಕ ಬರೆಯಬೇಕು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ಹೋಗಿ ನೆರಳು ಎಲ್ಲಿದೆ ನೋಡಿ ಗೀಟು ಹಾಕಬೇಕು. ಆ ಲೆಕ್ಕವನ್ನು ಕಾಗದಕ್ಕಿಳಿಸಿ ತಂದರೆ ಮಾತ್ರ ಮುಂದಿನ ಮಾತು. ಹತ್ತು ಜನ ಸೀಮೆಸುಣ್ಣ ಒಯ್ದರೆ ಒಬ್ಬರು ವಾಪಸು ಬರುತ್ತಿದ್ದರು. ಟ್ರೆಕ್ಕಿಂಗ್ ಹೊರಟ ಹೊಸ ಜೋಡಿಯೊಂದು ಬೆನ್ನಿಗೆ ಕಟ್ಟುವ ಪ್ಯಾನಲ್ ಕೇಳಿದಾಗ, "ಸೂರ್ಯ ನಿಮ್ಮ ಬೆನ್ನ ಹಿಂದೇನೇ ಬರ್ತೀನಿ ಅಂತ ಮಾತು ಕೊಟ್ಟಿದಾನಾ?" ಎಂದು ಕೇಳಿ ಕಳಿಸಿದರು. ಬಿನ್ನಿಪೇಟೆಯಲ್ಲಿ ಮರದಡಿ ಇಡ್ಲಿ ಗಾಡಿ ಇಟ್ಟುಕೊಂಡಿದ್ದ ಹೆಂಗಸು, ಒಂದು ಲೈಟಿಗೂ ಸಣ್ಣ ಫ್ಯಾನಿಗೂ ಆಗುವಷ್ಟು ಕೇಳಿದಳು. "ನಿಂಗೆ ನೆರಳು ಬೇಕೋ ಲೈಟ್ ಬೇಕೋ, ಒಂದು ಹೇಳಮ್ಮ" ಎಂದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು. ನಾನು ಅಲ್ಲೇ ಇದ್ದೆ.

ಇಂಥವರ ಬಗ್ಗೆ ಬರೆಯುವಾಗ, ಮಾತು ಒರಟಾದರೂ ಒಳಗೆ ಬೆಣ್ಣೆಯಂಥ ಹೃದಯವಿತ್ತು ಎಂದು ಸೇರಿಸುವ ಆಸೆಯಾಗುತ್ತದೆ. ಇರಲಿಲ್ಲ. ನಾನು ಹುಡುಕಿದ್ದೇನೆ.

ನಾನು ಅವರ ಅಂಗಡಿಗೆ ಹೋದದ್ದು ಅಕ್ಕನಿಗಾಗಿ. ನಾನೂ ಅಕ್ಕನೂ ಚಾಮರಾಜಪೇಟೆಯ ಹಳೇ ಮನೆಯಲ್ಲಿ ಇದ್ದೆವು. ಅವಳು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಾನು ವಿಮಾ ಕಚೇರಿಯವನು, ಜನರಿಗೆ ಏನೇನು ಕೆಟ್ಟದ್ದಾಗಬಹುದು ಎಂದು ಯೋಚಿಸುವುದಕ್ಕೆ ಸಂಬಳ ತೆಗೆದುಕೊಳ್ಳುವವನು. ಮದುವೆಯಾಗಲಿಲ್ಲ, ಯೋಚಿಸುತ್ತಿದ್ದಾಗಲೇ ವಯಸ್ಸಾಗಿಬಿಟ್ಟಿತು. ಅಕ್ಕನ ಶ್ವಾಸಕೋಶ ಸೋತು ಹೋಗಿತ್ತು. ಹಾಲಿನ ಮೂಲೆಯಲ್ಲಿ ಗಾಳಿಯಿಂದ ಆಮ್ಲಜನಕ ತೆಗೆದು ಕೊಡುವ ಯಂತ್ರ ದಿನವಿಡೀ ಗುರುಗುಟ್ಟುತ್ತಿತ್ತು, ಅದರ ನಳಿಗೆ ಅವಳ ಮೂಗಿನಲ್ಲಿ. ಅಷ್ಟರಲ್ಲಿ ನಮ್ಮ ರಸ್ತೆಯಲ್ಲಿ ನೆಲದೊಳಗೆ ಕೇಬಲ್ ಹಾಕುತ್ತಾರೆ, ತಿಂಗಳಿಡೀ ಆಗಾಗ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕರೆಂಟ್ ಇರುವುದಿಲ್ಲ ಎಂದು ತಿಳಿಯಿತು.

ನಾನು ಆ ವಾರವೇ ಆನ್‌ಲೈನಿನಲ್ಲಿ ಒಂದು ಪವರ್ ಸ್ಟೇಷನ್ ತರಿಸಿದೆ. ಎಂದರೆ ಹಳೇ ಕಾಲದ ಟೈಪ್‌ರೈಟರ್ ಪೆಟ್ಟಿಗೆಯಷ್ಟಿರುವ, ಹಿಡಿಕೆಯುಳ್ಳ ದೊಡ್ಡ ಬ್ಯಾಟರಿ. ಪ್ಲಗ್ ಹಾಕಿದರೆ ಮನೆಯ ಕರೆಂಟಿನ ಹಾಗೇ ಕೊಡುತ್ತದೆ. ಬಿಸಿಲಿನಲ್ಲಿ ಅದನ್ನು ತುಂಬಿಸಲು ಮಡಚುವ ಸೋಲಾರ್ ಪ್ಯಾನಲ್ ಒಂದು ಬೇಕಿತ್ತು. ಹದಿನಾಲ್ಕು ಪ್ಯಾನಲ್‌ಗಳ ಪಟ್ಟಿ ಮಾಡಿ, ಪ್ರಿಂಟ್ ತೆಗೆದು, ಸ್ಟೇಪ್ಲರ್ ಹೊಡೆದುಕೊಂಡು ಕಾಟನ್‌ಪೇಟೆಗೆ ಹೋದೆ.

ಅಕ್ಕನ ವಿಷಯವನ್ನೂ ಮನೆ ಎಲ್ಲಿದೆ ಎಂಬುದನ್ನೂ ಹೇಳಿ ಪಟ್ಟಿ ಕೊಟ್ಟೆ. ಅವರು ಅದನ್ನು ಕಣ್ಣಿನಿಂದ ದೂರ ಹಿಡಿದು ಓದಿದರು. "ತೂಕ, ಗ್ಯಾರಂಟಿ, ಸ್ಟಾರು... ಬಣ್ಣಾನೂ ಬರ್ದಿದೀರಲ್ಲ ಸ್ವಾಮಿ. ಸೀರೆ ತಗೋತಿದೀರಾ?"

"ಎಲ್ಲಾ ನೋಡ್ಕೊಂಡು ತಗೊಳ್ಳೋಣ ಅಂತ..."

"ನಿಮ್ಮ ಡಬ್ಬ ಎಷ್ಟು ವೋಲ್ಟ್ ತಡಿಯುತ್ತೆ?"

ನನಗೆ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ಆ ಕಾಲಮ್ಮೇ ಇರಲಿಲ್ಲ. ಮೊಬೈಲಿನಲ್ಲಿ ಹುಡುಕಿ ತೋರಿಸಿದೆ. ಅವರು ನುಣುಪು ಬೆರಳಿನಿಂದ ಪಟ್ಟಿಯ ಎರಡು ಸಾಲುಗಳ ಮೇಲೆ ಗೀರಿದರು. "ಇದು ಹಾಕಿದ್ರೆ ಡಬ್ಬ ಸುಟ್ಟೋಗುತ್ತೆ. ಇದು ಹಾಕಿದ್ರೂ ಸುಟ್ಟೋಗುತ್ತೆ. ಬಾಯಿ ಎಷ್ಟಗಲ ಅಂತ ನೋಡ್ದೆ ತುತ್ತು ಕಟ್ಕೊಂಡು ಬಂದಿದೀರ." ಸೀಮೆಸುಣ್ಣ ಕೊಟ್ಟರು. "ನೆರಳು ಬರ್ಕೊಂಡು ಬನ್ನಿ."

ಮಾರನೆಯ ದಿನ ರಜೆ ಹಾಕಿ ತಾರಸಿ ಹತ್ತಿದೆ. ಚೌಕ ಬರೆದೆ. ಎಂಟು, ಒಂಬತ್ತು, ಹತ್ತರ ಗೀಟು ಹಾಕಿದೆ. ಆಮೇಲೆ ಬಿಸಿಲಿಗೆ ತಲೆ ಸುತ್ತಿದಂತಾಯಿತು. ಸುತ್ತಿತ್ತೋ, ಸುತ್ತಬಹುದು ಎಂಬ ಭಯವೋ ಈಗ ಹೇಳಲಾರೆ. ಕೆಳಗಿಳಿದು, ಫ್ಯಾನ್ ಕೆಳಗೆ ಕೂತು, ಮಿಕ್ಕ ಗಂಟೆಗಳನ್ನು ಊಹೆಯಿಂದ ತುಂಬಿದೆ. ನಮ್ಮ ಮನೆಗೆ ಧಾರಾಳವಾಗಿ ಬಿಸಿಲು ಕೊಟ್ಟೆ. ಅಕ್ಕ ಕುರ್ಚಿಯಿಂದ ನೋಡುತ್ತಿದ್ದಳು.

ಬ್ಯಾಟರಿ ಅಂಗಡಿಯವರು ಕಾಗದ ನೋಡಿದರು, ನನ್ನನ್ನು ನೋಡಿದರು. "ಮೂರು ಗಂಟೆಗೂ ಬಿಸಿಲಾ? ನಿಮ್ಮ ಪಕ್ಕ ಪಶ್ಚಿಮಕ್ಕೆ ನಾಲ್ಕು ಅಂತಸ್ತು ಎತ್ತಿದಾರಲ್ಲ, ಅದು ಗಾಜಿಂದಾ? ಆ ಬಿಲ್ಡಿಂಗಿಗೆ ಇನ್ವರ್ಟರ್ ಹಾಕಿದ್ದು ನಾನೇ ಕಣ್ರೀ."

ನಾನು ತಲೆ ತಗ್ಗಿಸಿದೆ. ಅವರು ಶಟರ್ ಅರ್ಧ ಎಳೆದು ಸ್ಕೂಟರ್ ಹತ್ತಿದರು. "ನಡೀರಿ, ಉಸಿರಾಡೋರನ್ನ ನೋಡ್ತೀನಿ."

ಮನೆಯಲ್ಲಿ ಮೊದಲು ತಾರಸಿ ನೋಡಿದರು, ಆಮೇಲೆ ಯಂತ್ರದ ಹಿಂದಿನ ಚೀಟಿ ಓದಿದರು. ಕೊನೆಗೆ ಅಕ್ಕನ ಎದುರು ಸ್ಟೂಲು ಎಳೆದುಕೊಂಡು ಕೂತರು. ಸಾಯುವ ಕಾಯಿಲೆಯವರ ಎದುರು ನಾವೆಲ್ಲ ಇಳಿಸುವ ಆ ಮೆತ್ತನೆಯ ದನಿ ಅವರ ಗಂಟಲಲ್ಲೇ ಇರಲಿಲ್ಲ.

"ಟೀಚರಮ್ಮ, ಲೆಕ್ಕ ಮೇಡಮ್ಮಂತೆ ನೀವು. ಕೇಳಿ. ಈ ಡಬ್ಬದಲ್ಲಿ ನಿಮಗೆ ಎರಡೂಕಾಲು ಗಂಟೆ ಉಸಿರಿದೆ. ಇನ್ನೂರು ವ್ಯಾಟ್ ಪ್ಯಾನಲ್ ಅಂತ ಬರ್ದಿರ್ತಾರೆ, ನೂರಾನಲವತ್ತು ಬಂದ್ರೆ ಪುಣ್ಯ. ನಿಮ್ಮ ತಾರಸೀಗೆ ಒಳ್ಳೆ ಬಿಸಿಲು ಎರಡೂವರೆ ಗಂಟೆ. ಅಂದ್ರೆ ಇನ್ನೊಂದು ಮುಕ್ಕಾಲು ಗಂಟೆ ಉಸಿರು. ಒಟ್ಟು ಮೂರು. ಕರೆಂಟ್ ಹೋಗೋದು ಏಳು ಗಂಟೆ. ಮಿಕ್ಕ ನಾಲ್ಕು ಗಂಟೆ ನಿಮ್ಮ ತಮ್ಮ ಬಾಯಲ್ಲಿ ಊದ್ತಾರಾ?"

ಅಕ್ಕ ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ಏದುಸಿರಾಗಿ, ತುಟಿ ನೀಲಿಯಾಗುವವರೆಗೂ ನಕ್ಕಳು. ನಾನು ಬಾಗಿಲ ಕಡೆ ಕೈ ತೋರಿಸಿ ಕೂಗಿದೆ.

"ಬಾಯಲ್ಲಿ ಒಂದು ಒಳ್ಳೆ ಮಾತು ಬರಲ್ವೇನ್ರೀ ನಿಮಗೆ? ಎದ್ದು ಹೋಗ್ರೀ ಆಚೆ!"

ಅವರು ಎದ್ದರು. "ಆಕ್ಸಿಜನ್ ಸಿಲಿಂಡರ್ ತಂದಿಡಿ. ಅದಕ್ಕೆ ಬಿಸಿಲೂ ಬೇಡ, ನಾನೂ ಬೇಡ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

"ಲೆಕ್ಕ ಸರಿಯಾಗೇ ಇದೆಯಲ್ಲೋ" ಎಂದಳು ಅಕ್ಕ, ಉಸಿರು ತಿರುಗಿದ ಮೇಲೆ.

ಲೆಕ್ಕ ಸರಿಯಿದ್ದುದೇ ನನಗೆ ಆಗದಿದ್ದ ವಿಷಯ. ಹಟಕ್ಕೆ ಬಿದ್ದು ಬೇರೆ ಕಡೆಯಿಂದ ಇನ್ನೂರು ವ್ಯಾಟಿನ ಪ್ಯಾನಲ್ ತಂದೆ. ಸಿಲಿಂಡರ್ ತರಲಿಲ್ಲ, ಅದು ಸಿಡಿದ ಸುದ್ದಿಗಳನ್ನೆಲ್ಲ ಓದಿದ್ದೆ. ಪ್ಯಾನಲ್ ಬಂದ ಮೇಲೆ ಹೊಸ ಯೋಚನೆಗಳು ಶುರುವಾದವು. ತಾರಸಿಯಲ್ಲಿಟ್ಟರೆ ಯಾರಾದರೂ ಎತ್ತಿಕೊಂಡು ಹೋದರೆ? ಪಾರಿವಾಳ ಗಲೀಜು ಮಾಡಿದರೆ? ಮಳೆ ಹನಿ ಬಿದ್ದರೆ? ಮೂರು ಭಯಕ್ಕೂ ಒಂದೇ ಮದ್ದು ಕಂಡಿತು. ಗಾಜಿನ ಕಿಟಕಿ ಮುಚ್ಚಿದ ಜಗುಲಿಯ ಒಳಗೆ ಇಟ್ಟೆ. ಮೇಲೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿದೆ. ಗಾಜಿನಿಂದಲೂ ಬಿಸಿಲು ಬರುತ್ತದಲ್ಲ, ನಾವು ಮನುಷ್ಯರು ಬೆವರುವುದಿಲ್ಲವೇ ಎಂಬ ವಾದ ನನ್ನದು.

ಕೇಬಲ್ ಕೆಲಸದ ಮೊದಲ ದಿನ ಸರಿಯಾಗಿ ಹತ್ತಕ್ಕೆ ಕರೆಂಟ್ ಹೋಯಿತು. ಅಕ್ಕನ ಯಂತ್ರವನ್ನು ಪವರ್ ಸ್ಟೇಷನ್ನಿಗೆ ಸಿಕ್ಕಿಸಿದೆ. ಅದರ ಪುಟ್ಟ ಪರದೆಯಲ್ಲಿ ಹೋಗುವ ವ್ಯಾಟು ಮುನ್ನೂರೈವತ್ತು, ಪ್ಯಾನಲ್ಲಿನಿಂದ ಬರುವ ವ್ಯಾಟು ಮೂವತ್ತೆಂಟು. ಕನ್ನಡಕ ಒರೆಸಿ ನೋಡಿದೆ. ಮೂವತ್ತೆಂಟೇ. ಪ್ಲಾಸ್ಟಿಕ್ ಕಿತ್ತೆಸೆದೆ, ನಲವತ್ತೊಂದು. ಪ್ಯಾನಲ್ ಹೊತ್ತುಕೊಂಡು ತಾರಸಿಗೆ ಓಡಿದೆ, ಅದರ ವೈರು ಮೆಟ್ಟಿಲ ಅರ್ಧಕ್ಕೇ ಮುಗಿಯಿತು. ಹನ್ನೆರಡು ದಾಟಿ ಸ್ವಲ್ಪ ಹೊತ್ತಿಗೆ ಡಬ್ಬ ಬೀಪ್, ಬೀಪ್ ಎನ್ನತೊಡಗಿತು.

ಅಂಥ ಸದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದೆ, ಕಾಯಿರಿ ಎಂದರು. ಸಿಲಿಂಡರ್ ಏಜೆನ್ಸಿಗೆ ಮಾಡಿದೆ, ಸಂಜೆಗೆ ಎಂದರು. ಅಕ್ಕನ ಮುಂದೆ ಮಂಡಿಯೂರಿ ಕೂತು ಅತ್ತುಬಿಟ್ಟೆ. ಅವಳು ಗಡಿಯಾರ ನೋಡುತ್ತ ಕೂತಿದ್ದಳು, ಪರೀಕ್ಷೆ ಹಾಲಿನ ಮೇಲ್ವಿಚಾರಕಿಯ ಹಾಗೆ.

"ಸಾಕು, ಏಳು" ಎಂದಳು. "ಬೀರುವಿನ ಹಿಂದೆ ನೋಡು."

ಬೀರುವಿನ ಹಿಂದೆ, ಅವಳ ಹಳೇ ಸೀರೆ ಹೊದ್ದು, ಗೋಡೆಗೆ ಹಗ್ಗ ಬಿಗಿಸಿಕೊಂಡು ಎರಡು ಸಿಲಿಂಡರುಗಳು ನಿಂತಿದ್ದವು. ಗ್ಯಾಸ್ ಆಫ್ ಆಗಿದೆಯೇ ಎಂದು ದಿನಕ್ಕೆ ಮೂರು ಸಲ ಪರೀಕ್ಷಿಸುವ ನಾನು ಇದನ್ನು ನೋಡಿರಲಿಲ್ಲ. ಅಕ್ಕನೇ ಎದ್ದು ಬಂದು ಕೀಲಿ ತಿರುಗಿಸಿ, ಮುಳ್ಳು ನೋಡಿ, ನಳಿಗೆ ಬದಲಿಸಿಕೊಂಡು ಕೂತಳು.

"ನೀನು ಆಫೀಸಿಗೆ ಹೋದಾಗ ಬ್ಯಾಟರಿ ಅಂಗಡಿಯವ್ರೇ ತಂದಿಟ್ರು. ನಾನೇ ಫೋನ್ ಮಾಡಿ ಹೇಳಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ ಅಕ್ಕ? ಪ್ರಾಣ ಹೋಗಿತ್ತಲ್ಲ ನಂಗೆ!"

"ಬೀಪ್ ಹೊಡಿಯೋವರೆಗೂ ಹೇಳ್ಬೇಡಿ ಟೀಚರಮ್ಮ, ಆ ಸದ್ದು ಅವರು ಕೇಳ್ಲಿ ಅಂದ್ರು." ಅಕ್ಕ ನಿಧಾನಕ್ಕೆ ಉಸಿರೆಳೆದುಕೊಂಡಳು. "ನಾನೂ ಹೂಂ ಅಂದೆ. ಲೆಕ್ಕ ತಪ್ಪು ಮಾಡೋ ಮಕ್ಕಳಿಗೆ ನಾನು ಅರ್ಧ ಮಾರ್ಕ್ಸ್ ಆದ್ರೂ ಕೊಡ್ತಿದ್ದೆ ಕಣೋ. ಉತ್ತರ ಇಟ್ಕೊಂಡು ನಡುವಿನ ಸಾಲು ಸೃಷ್ಟಿ ಮಾಡೋರಿಗೆ ಸೊನ್ನೆ. ನೀನು ಫ್ಯಾನ್ ಕೆಳಗೆ ಕೂತು ನೆರಳು ಬರಿತಿದ್ಯಲ್ಲ, ನನ್ನ ಉಸಿರಿನ ಲೆಕ್ಕ ಅದು."

ಆ ತಿಂಗಳಿಡೀ ಸಿಲಿಂಡರುಗಳು ಅವಳನ್ನು ಕಾಪಾಡಿದವು. ನಾನು ಇಬ್ಬರ ಮೇಲೂ ಸಿಟ್ಟು ಮಾಡಿಕೊಂಡು ಓಡಾಡಿದೆ. ಖಾಲಿ ಸಿಲಿಂಡರ್ ಬದಲಿಸಲು ಬಂದಾಗೆಲ್ಲ ಅವರು ಗಾಜಿನ ಜಗುಲಿಯನ್ನು ನೋಡಿ, "ಪ್ಯಾನಲ್ಲಿಗೆ ಒಂದು ಸ್ವೆಟರ್ ಹಾಕ್ಬಿಡಿ ಸ್ವಾಮಿ, ಥಂಡಿ ಆಗುತ್ತೆ" ಎನ್ನುತ್ತಿದ್ದರು. ಅಕ್ಕ ಪ್ರತಿ ಸಲ ನಗುತ್ತಿದ್ದಳು. ನಾನು ಪ್ರೀತಿಯಿಂದ ಸುಳ್ಳು ಹೇಳುವವನಾಗಿ ಅವಳ ಪಕ್ಕದಲ್ಲಿ ಐವತ್ತು ವರ್ಷ ಇದ್ದೆ. ಅವಳು ತನ್ನ ಉಸಿರನ್ನು ನಂಬಿ ಕೊಟ್ಟದ್ದು, ಒಂದು ಸಲ ಸ್ಟೂಲಿನ ಮೇಲೆ ಕೂತು ನಿಜ ಹೇಳಿದವರಿಗೆ.

ಅಕ್ಕ ಹೋದದ್ದು ಮುಂದಿನ ಚಳಿಗಾಲದಲ್ಲಿ, ಕರೆಂಟ್ ಚೆನ್ನಾಗಿದ್ದ ದಿನವೇ. ಮನೆ ತುಂಬ ಜನ ಸೇರಿದ್ದರು. ಬ್ಯಾಟರಿ ಅಂಗಡಿಯವರು ಬಂದು ಬಾಗಿಲಲ್ಲಿ ನಿಂತು ಒಂದು ಕ್ಷಣ ಅವಳನ್ನು ನೋಡಿದರು. ಸಮಾಧಾನದ ಮಾತು ಬರಬಹುದೆಂದು ನಾನು ಕಾದೆ.

"ಮಷೀನ್ ಆಫ್ ಮಾಡಿ" ಎಂದರು. "ಇನ್ನೂ ಓಡ್ತಿದೆ."

ನಾಲ್ಕು ಗಂಟೆಗಳಿಂದ ಓಡುತ್ತಿತ್ತು. ಯಾರಿಗೂ ಕೇಳಿಸಿರಲಿಲ್ಲ.

ಕಳೆದ ಆಷಾಢದಲ್ಲಿ ಅವರೂ ಹೋದರು, ಅಂಗಡಿಯ ಕುರ್ಚಿಯಲ್ಲಿ ಕೂತಂತೆಯೇ. ಅಕ್ಕಿಪೇಟೆಯ ಓಣಿಯಲ್ಲಿ ಅವರ ಮನೆ. ಹಾಸನದಿಂದ ಮಗಳು ಬರಬೇಕೆಂದು ದೇಹವನ್ನು ಬಾಡಿಗೆ ಫ್ರೀಜರ್ ಪೆಟ್ಟಿಗೆಯಲ್ಲಿಟ್ಟಿದ್ದರು. ಹನ್ನೊಂದಕ್ಕೆ ಕರೆಂಟ್ ಹೋಯಿತು. ಮನೆಯ ಇನ್ವರ್ಟರ್ ಎರಡು ಲೈಟು ಒಂದು ಫ್ಯಾನಿಗೆ ಅವರೇ ಲೆಕ್ಕ ಹಾಕಿ ಕೂರಿಸಿದ್ದು, ಅದಕ್ಕಿಂತ ಒಂದು ವ್ಯಾಟೂ ಹೆಚ್ಚಿಗೆ ಇಲ್ಲ. ನಾನು ಆಟೋದಲ್ಲಿ ಹೋಗಿ ನನ್ನ ಡಬ್ಬ ತಂದೆ. ಫ್ರೀಜರಿನ ಹಿಂದಿನ ಚೀಟಿ ಓದಿದೆ. ಹೆಚ್ಚುಕಡಿಮೆ ಅಕ್ಕನ ಯಂತ್ರದಷ್ಟೇ ಕುಡಿಯುವಂಥದ್ದು. ಸಿಕ್ಕಿಸಿದಾಗ ಹನ್ನೊಂದೂವರೆ.

"ಮಗಳು ಎರಡೂವರೆಗೆ ಬರ್ತಾಳೆ. ಅಲ್ಲೀವರೆಗೂ ಬರುತ್ತಲ್ಲ ಸಾರ್?" ಎಂದರು ಅವರ ಹೆಂಡತಿಯ ತಮ್ಮ.

ಬರಬಹುದು, ನೋಡೋಣ, ದೇವರಿದ್ದಾನೆ: ಮೂರೂ ನನ್ನ ನಾಲಗೆಯ ತುದಿಗೆ ಬಂದವು.

"ಬರಲ್ಲ" ಎಂದೆ. "ಎರಡೂಕಾಲು ಗಂಟೆ ಅಷ್ಟೆ. ಒಂದೂಮುಕ್ಕಾಲಿಗೆ ನಿಲ್ಲುತ್ತೆ. ಬಸ್ ಇಳಿದು ಕಾರ್ ಮಾಡ್ಕೊಂಡು ಬರೋಕೆ ಹೇಳಿ. ಇಲ್ಲಾಂದ್ರೆ ಕಾಯೋದ್ ಬೇಡ, ಎತ್ತಿ."

"ಸೋಲಾರ್ ಇದೆಯಂತಲ್ಲ, ಅದನ್ನೂ ತರಬಹುದಿತ್ತು?"

"ಮೋಡ ಇದೆ. ಬಿಸಿಲಿದ್ದಾಗ್ಲೂ ನಿಮ್ಮ ಓಣಿಗೆ ಬರಲ್ಲ."

ಆತ ಎಲ್ಲರ ಎದುರು ನನ್ನ ಮೇಲೆ ಕೂಗಿದರು. "ಸಾವಿನ ಮನೆ ಕಣ್ರೀ ಇದು! ಬಾಯಲ್ಲಿ ಒಂದು ಒಳ್ಳೆ ಮಾತು ಬರಲ್ವಾ ನಿಮಗೆ?"

ನಾನು ಗೋಡೆಯ ಪಕ್ಕ ಸ್ಟೂಲು ಎಳೆದುಕೊಂಡು, ಡಬ್ಬದ ಪರದೆ ಕಾಣುವ ಹಾಗೆ ಕೂತೆ. ಬ್ಯಾಟರಿ ಅಂಗಡಿಯವರ ಹೆಂಡತಿ ಮಗಳಿಗೆ ಫೋನ್ ಮಾಡಿದರು. ಕುಣಿಗಲ್ಲಿನಲ್ಲಿ ಬಸ್ ಇಳಿದ ಮಗಳು ಕಾರಿನಲ್ಲಿ ಬಂದು ತಲುಪಿದಾಗ ಒಂದೂಕಾಲು. ಗಾಜಿನ ಮುಚ್ಚಳದ ಮೇಲೆ ಕೆನ್ನೆಯಿಟ್ಟು ಅತ್ತಳು. ಒಂದೂ ಮೂವತ್ತೈದಕ್ಕೆ ಎತ್ತಿದರು. ಎಲ್ಲರೂ ಅವರ ಹಿಂದೆ ಓಣಿಗೆ ಹೋದರು.

ಖಾಲಿ ಪೆಟ್ಟಿಗೆ ಇನ್ನೂ ಓಡುತ್ತಿತ್ತು. ಪರದೆಯಲ್ಲಿ ನೂರಕ್ಕೆ ಏಳು ಉಳಿದಿತ್ತು. ಎದ್ದು ಹೋಗಿ ಆಫ್ ಮಾಡಿದೆ.