ಸುತ್ತಿಗೆ ಸುಮ್ಮನಾದ ತಿರುವು

ಬೆಳಗಿನ ಆರು ಗಂಟೆ. ಅರಸೀಕೆರೆ ಜಂಕ್ಷನ್ನಿನಾಚೆ, ತೆಂಗಿನ ತೋಟಗಳ ನಡುವೆ, ರೈಲ್ವೆ ಕೀಮ್ಯಾನ್ ಏಕಾಂತಯ್ಯ ಹಳಿ ನೋಡುತ್ತ ನಡೆಯುತ್ತಿದ್ದಾರೆ. ಹಳಿ ಹಿಡಿದಿರುವ ಕ್ಲಿಪ್ಪಿಗೆ ಸುತ್ತಿಗೆಯಿಂದ ಒಂದೇಟು. ಸದ್ದು ಗಟ್ಟಿಯಿದ್ದರೆ ಮುಂದಕ್ಕೆ, ಸಡಿಲ ಕೇಳಿದರೆ ಅಲ್ಲೇ ಬಿಗಿಸುವುದು. ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು. ದಿನಕ್ಕೆ ಹನ್ನೆರಡು ಕಿಲೋಮೀಟರ್, ಇಪ್ಪತ್ತಾರು ವರ್ಷಗಳಿಂದ.

ಆ ಕಿವಿಗೆ ಬೇರೆಯದೂ ಕೇಳಿಸುತ್ತದೆ. ಕಳೆದ ಜನವರಿಯಲ್ಲಿ ಹಳಿ ದಾಟುತ್ತಿದ್ದ ವೃದ್ಧರೊಬ್ಬರು ರೈಲಿಗೆ ಸಿಕ್ಕರು. ಪೊಲೀಸರು ಬರುವವರೆಗೆ ನಾಲ್ಕು ಗಂಟೆ ಶವ ಕಾದವನು ಸಹೋದ್ಯೋಗಿ ಶಶಿಕಿರಣ್. ಮನೆಯವರು ತಾಯತ ಕಟ್ಟಿಸಿದರು. ಮೂರನೇ ದಿನ ಕೆಲಸಕ್ಕೆ ಬಂದ. ಅಲ್ಲಿಗೆ ಮುಗಿಯಿತು ಅಂದುಕೊಂಡರು ಎಲ್ಲರೂ.

ಒಂದೂವರೆ ತಿಂಗಳ ಮೇಲೆ ಇಬ್ಬರೂ ಒಂದೊಂದು ಹಳಿ ಹಿಡಿದು ಹೊರಟಿದ್ದರು. ವೃದ್ಧರು ಸತ್ತ ತಿರುವಿನಲ್ಲಿ ಶಶಿಕಿರಣನ ಸುತ್ತಿಗೆ ಸುಮ್ಮನಾಯಿತು, ಕಾಲು ನಿಲ್ಲಲಿಲ್ಲ.

"ಯಾಕ್ಲಾ ಬಿಟ್ಕಂಡ್ ಬಂದೆ ಅಂದೆ. 'ಎಲ್ಲಾ ಹೊಡ್ದಿದ್ದೀನಲ್ಲಣ್ಣ' ಅಂದ. ಸುಳ್ಳಲ್ಲ ಕಣ್ರೀ, ಬಿಟ್ಟಿದ್ದು ಅವನಿಗೇ ಗೊತ್ತಿಲ್ಲ. ಹಿಂದಕ್ಕೋಗಿ ಎಣಿಸ್ಕಂಡು ನಾನೇ ಹೊಡ್ದೆ. ನಲವತ್ತು ಕ್ಲಿಪ್ಪು," ಎಂದು ನೆನೆಯುತ್ತಾರೆ ಏಕಾಂತಯ್ಯ.

ಅಂದಿನಿಂದ ಏಕಾಂತಯ್ಯ ಗಮನಿಸುತ್ತ ಹೋದರು. ಹಾರ್ನ್ ಕೇಳಿದರೆ ಬೆಚ್ಚುತ್ತಾನೆ. ಊಟದ ಡಬ್ಬಿ ತೆರೆಯದೆಯೇ ಮನೆಗೆ ವಾಪಸ್. ತಮಾಷೆ ಮಾಡಿದರೆ ಸಿಡುಕುತ್ತಾನೆ. ಕಣ್ಣು ಮುಚ್ಚಿದರೆ ಅದೇ ಬರುತ್ತದೆ ಎಂದು ಕೊನೆಗೆ ಒಪ್ಪಿಕೊಂಡ. ಆದರೆ ಆಸ್ಪತ್ರೆ ಬೇಡವಂತೆ. "ತಲೆ ಕೆಟ್ಟೈತೆ ಅಂತ ಕೆಲಸದಿಂದ ತೆಗೆದ್ರೆ?"

"ಕಾಲು ಉಳುಕಿದ್ರೆ ಪಟ್ಟು ಹಾಕಿಸ್ಕಳಲ್ವೇನೋ, ನಡಿ ಅಂತ ಹಾಸನದ ಬಸ್ ಹತ್ತಿಸ್ದೆ," ಎನ್ನುತ್ತಾರೆ ಏಕಾಂತಯ್ಯ. ಇಂಥ ಲಕ್ಷಣಗಳು ತಿಂಗಳು ದಾಟಿದರೆ ತಾವಾಗಿಯೇ ಹೋಗುತ್ತವೆಂದು ಕಾಯಬಾರದು ಎಂದರಂತೆ ಮನೋವೈದ್ಯರು.

ಇದೆಲ್ಲ ಏಕಾಂತಯ್ಯನವರಿಗೆ ಹೇಗೆ ಗೊತ್ತಾಯಿತು?

"ನಾನೂ ಹಂಗೇ ಒಂದ್ಸಲ ಹೆಣ ಕಾಯ್ದಿದ್ದೆ. ಹೆಂಗಿದ್ದೀಯ ಅಂತ ಯಾರೂ ಕೇಳ್ಲಿಲ್ಲ."

"ಎರಡು ವರ್ಷ ಗೋಡೆ ಕಡೆ ಮುಖ ಮಾಡ್ಕಂಡು ಮಲಗ್ತಿದ್ರು," ಎನ್ನುತ್ತಾರೆ ಮಡದಿ ಕಮಲಾಕ್ಷಮ್ಮ. "ನನ್ ಮೇಲೇ ಕೋಪ ಅಂದ್ಕಂಡಿದ್ದೆ. ಈಗ ಊರವ್ರ ನಿದ್ದೆಯೆಲ್ಲ ವಿಚಾರಿಸ್ತಾರೆ, ನಂದೊಂದು ಬಿಟ್ಟು."

ಚಿಕಿತ್ಸೆ ಇನ್ನೂ ನಡೆಯುತ್ತಿದೆ. ಈ ಬೆಳಿಗ್ಗೆ ಶಶಿಕಿರಣನೂ ಜೊತೆಗಿದ್ದಾನೆ. ತಿರುವು ಬರುತ್ತಿದ್ದಂತೆ ನಿಲ್ಲುತ್ತಾನೆ.

"ಅಣ್ಣ, ಇವತ್ತು ಆಗ್ತಿಲ್ಲ."

"ಆಯ್ತು ಕಣಪ್ಪ. ಬೇವಿನ ಮರದಡಿ ಕೂತಿರು, ಮುಗಿಸ್ಕಂಡ್ ಬತ್ತೀನಿ."

ಇನ್ನೂ ವಾಸಿಯಾಗಿಲ್ಲವಲ್ಲ ಎಂದರೆ ಏಕಾಂತಯ್ಯ ತಲೆಯೆತ್ತುತ್ತಾರೆ. "ಆಗ್ತಿಲ್ಲ ಅಂತ ಬಾಯ್ಬಿಟ್ ಹೇಳ್ದ, ಕೇಳ್ಸ್ಕಂಡ್ರಾ? ನನ್ ಸರ್ವೀಸ್ ಮುಗಿಯೋದ್ರೊಳಗೆ ಈ ಲೈನ್‌ನಲ್ಲಿ ಎಲ್ಲರ್ ಬಾಯಲ್ಲೂ ಆ ಮಾತು ಬಂದ್ರೆ ಸಾಕು."