ವಿನಿಫ್ರೆಡ್ಡರ ಹಳದಿ ಗೋಡೆ

ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ, ಶಾಲೆಯ ಅಡುಗೆ ಕೆಲಸದಿಂದ ನಿವೃತ್ತರಾದ ವಿನಿಫ್ರೆಡ್ ಆಕ್ರಾಯ್ಡ್ ಮಲಗುವ ಕೋಣೆಯ ಹೊಸ ಗಾರೆಯನ್ನು ಮುಟ್ಟಿ ನೋಡುತ್ತಿದ್ದರು. ಒಣಗಿತ್ತು. ಯಾರ್ಕ್‌ಶೈರಿನ ಆ ಬಾಡಿಗೆ ಮನೆಯ ಒದ್ದೆ ಗೋಡೆಯನ್ನು, ಮನೆಯ ಒಡೆತನವಿದ್ದ ವಸತಿ ಸಂಘ ಹಳೆಯ ಗಾರೆ ಕೆತ್ತಿ ತೆಗೆದು ಸರಿಪಡಿಸಿತ್ತು. ಆದರೆ ಬಿಸಿಲು ಬೀಳದ ಕೋಣೆಗೆಂದು ಅವರೇ ಬಳಿದಿದ್ದ ಹಳದಿ ಬಣ್ಣ ಹೋಗಿತ್ತು.

"ಬಣ್ಣ ಬಾಡಿಗೆಯವರ ಕೆಲ್ಸ ಕಣಮ್ಮಾ," ಎಂದ ಸಂಘದ ಕೆಲಸಗಾರ ಕಾಲಮ್.

"ಬೇಜಾರಾಗಿ ಬಣ್ಣ ಬದಲಾಯ್ಸಿದ್ರೆ ನನ್ನ ಕೆಲ್ಸ. ದುರಸ್ತಿಗೆ ಅಂತ ಕೆತ್ತಿದ್ದು ನೀವು. ಮೊದಲಿದ್ದ ಹಾಗೆ ಮಾಡ್ಕೊಡೋರೂ ನೀವೇ ಕಣಪ್ಪಾ."

ಅವನು ಕಚೇರಿಗೆ ಫೋನ್ ಮಾಡಿದ. ಅಲ್ಲಿಯವರೂ ಒಪ್ಪಿದರು.

"ಗೆದ್ರಿ ಬಿಡಿ. ಹಳದಿನೇ ಹಚ್ತೀನಿ. ಒಂದು ಕೋಟು ಸಾಕಲ್ವಾ?"

ವಿನಿಫ್ರೆಡ್ ಅವನ ಲೋಟಕ್ಕೆ ಮತ್ತೆ ಚಹಾ ಸುರಿದರು.

"ಹೊಸ ಗಾರೆ ನಿನಗಿಂತ ಜಾಸ್ತಿ ಕುಡಿಯತ್ತೆ. ಮೂರು ಕೋಟು."